ನಡುಕ ನಿಂತರೆ ರೋಗ ಹೋಯಿತೇ?

ಕೆಲವು ವರ್ಷಗಳ ಹಿಂದಿನ ಮಾತು. ಮಾವಿನ ಸೀಸನ್ ಜೋರಾಗಿತ್ತು. ಒಂದು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ತಮ್ಮನ ಮನೆಗೆ ಹೋಗಿದ್ದೆ. ರಾತ್ರಿಯಿಡೀ ಲಾರಿ ಓಡಿಸಿ ಬಂದ ಅವನು ಜಗಲಿಯ ಮೇಲೆ ಕುಳಿತಿದ್ದ. ಹೆಂಡತಿ ಕೊಟ್ಟ ಟೀ ಲೋಟ ಅವನ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು.

"ನೀವೇ ನೋಡಿ ಆಪಾ, ಒಂದು ವಾರದಿಂದ ಹೀಗೇ. ಬೆರಳು ಜೋಮು ಹಿಡಿಯುತ್ತೆ ಅಂತಾರೆ. ಡಾಕ್ಟರ ಹತ್ತಿರ ಹೋಗೋಣ ಅಂದ್ರೆ ಕೇಳೋದಿಲ್ಲ" ಎಂದು ಅವಳು ದೂರಿದಳು. ತಮ್ಮ ನಕ್ಕ. "ರೋಗ ನನಗಲ್ಲ ಆಪಾ, ಲಾರಿಗೆ. ಸ್ಟೇರಿಂಗ್ ಹೊಡೀತಾ ಇದೆ. ರಾತ್ರಿಯೆಲ್ಲ ಅದನ್ನು ಹಿಡ್ಕೊಂಡಿದ್ರೆ ಕೈ ಇನ್ನೇನಾಗುತ್ತೆ?"

ಅವನು ನಕ್ಕದ್ದು ನನಗೆ ಹಿಡಿಸಲಿಲ್ಲ. ಆದರೆ ಲಾರಿಯ ವಿಷಯ ಹೆಂಗಸರಿಗೇಕೆ ಎಂದುಕೊಂಡು ನಾನೂ ಸುಮ್ಮನಾದೆ. ಆ ಮೌನ ತಪ್ಪಾಗಿತ್ತೆಂದು ನಂತರ ತಿಳಿಯಿತು. ಅದಕ್ಕಾಗಿಯೇ ಈ ತಿಂಗಳು ಈ ವಿಷಯ.

ನಮ್ಮ ರಾಯಲ್ಪಾಡು ಶ್ರೀನಿವಾಸಪುರ ತಾಲ್ಲೂಕಿನ ಗಡಿ ಹೋಬಳಿ. ಆಚೆಗೆ ಆಂಧ್ರ. ಇಲ್ಲಿ ಬೆಳೆಯುವುದು ಮಾವು ಮತ್ತು ಟೊಮೆಟೊ. ಎರಡೂ ಕಾಯುವ ಸರಕಲ್ಲ. ಟೊಮೆಟೊ ಕೋಲಾರಕ್ಕೋ ಮದನಪಲ್ಲಿಗೋ ಹೋಗಬೇಕು, ತೋತಾಪುರಿ ಚಿತ್ತೂರಿನ ಕಡೆಯ ತಿರುಳಿನ ಕಾರ್ಖಾನೆಗಳನ್ನು ಸೇರಬೇಕು. ಹೀಗಾಗಿ ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ ಲಾರಿಯ ಚಕ್ರದ ಮೇಲಿದೆ. ಒಬ್ಬ ಡ್ರೈವರ್, ಒಬ್ಬ ಕ್ಲೀನರ್, ಒಬ್ಬ ಮೆಕ್ಯಾನಿಕ್, ಒಬ್ಬ ಪಂಕ್ಚರ್ ಅಂಗಡಿಯವ ಇಲ್ಲದ ಕುಟುಂಬ ವಿರಳ. ಸೀಸನ್ನಿನಲ್ಲಿ ಒಂದು ಟ್ರಿಪ್ ತಪ್ಪಿದರೆ ಲಾರಿಯ ಕಂತು ತಪ್ಪುತ್ತದೆ.

ಲಾರಿ ಸ್ಟ್ಯಾಂಡಿನ ಗೆಳೆಯರು ತಮ್ಮನಿಗೆ ಸುಲಭದ ಮದ್ದು ಹೇಳಿದರು: "ಮುಂದಿನ ಟೈರ್ ಹಿಂದಕ್ಕೆ ಹಾಕು." ಹಾಗೇ ಮಾಡಿದ. ನಡುಕ ಅರ್ಧಕ್ಕಿಳಿಯಿತು. ಎಲ್ಲರೂ ಸಮಾಧಾನಪಟ್ಟರು. ಹತ್ತು ದಿನ ಕಳೆಯಿತು. ಒಂದು ಸಂಜೆ ಹಳ್ಳಕ್ಕೆ ಚಕ್ರ ಬಿದ್ದದ್ದೇ ತಡ, ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ಅಲ್ಲಾಡಿತು. ವೇಗ ಪೂರ್ತಿ ಇಳಿಸುವವರೆಗೂ ನಿಲ್ಲಲಿಲ್ಲ. ಮರುದಿನ ಒಂದು ಗ್ಯಾರೇಜಿನಲ್ಲಿ ಅಲೈನ್‌ಮೆಂಟ್ ಮಾಡಿಸಿದ. ದುಡ್ಡು ಹೋಯಿತು, ನಡುಕ ಮರಳಿ ಬಂತು. ಕೊನೆಗೆ ಅಬ್ಬಾನ ಕಾಲದಿಂದ ಪರಿಚಯವಿರುವ ಹಿರಿಯ ಮೆಕ್ಯಾನಿಕರೊಬ್ಬರನ್ನು ಮನೆಗೆ ಕರೆದುಕೊಂಡು ಬಂದ. ನಾವು ಅವರನ್ನು ಚಾಚಾ ಎನ್ನುತ್ತೇವೆ. ವಯಸ್ಸಾಗಿ ಗ್ಯಾರೇಜನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು.

ಚಾಚಾ ಲಾರಿಯನ್ನು ಮುಟ್ಟುವ ಮೊದಲು ನಮ್ಮ ಸೀಲಿಂಗ್ ಫ್ಯಾನಿನತ್ತ ಕೈ ತೋರಿಸಿದರು. "ಫ್ಯಾನಿನ ಒಂದು ರೆಕ್ಕೆ ಬಾಗಿದ್ರೆ ಏನಾಗುತ್ತೆ? ತಿರುಗುವಾಗ ಒಂದು ಕಡೆಗೆ ಎಳೆಯುತ್ತೆ. ಮೇಲಿನ ಕೊಂಡಿ ಬಿಗಿಯಾಗಿದ್ರೆ ಆ ಎಳೆತ ಅಷ್ಟಾಗಿ ಕಾಣೋದಿಲ್ಲ. ಕೊಂಡಿ ಸಡಿಲವಾಗಿದ್ರೆ ಇಡೀ ಫ್ಯಾನು ಕುಣಿಯುತ್ತೆ. ರೆಕ್ಕೆ ಸರಿ ಮಾಡಿದ್ರೆ ಕುಣಿತ ನಿಲ್ಲುತ್ತೆ, ಆದ್ರೆ ಕೊಂಡಿ ಇನ್ನೂ ಸಡಿಲವೇ. ಆ ಫ್ಯಾನಿನ ಕೆಳಗೆ ಮಗುವನ್ನು ಮಲಗಿಸ್ತೀರಾ?"

ಸಹೋದರಿಯರೇ, ಇಡೀ ವಿಷಯ ಇಷ್ಟರಲ್ಲೇ ಇದೆ. ಲಾರಿಯ ಮುಂಭಾಗ ನಡುಗಲು ಸಾಮಾನ್ಯವಾಗಿ ಎರಡು ಸೇರಬೇಕು. ಒಂದು, ಅಲ್ಲಾಡಿಸುವ ಶಕ್ತಿ: ತೂಕ ತಪ್ಪಿದ ಟೈರ್, ಸೊಟ್ಟಗಾದ ರಿಮ್, ರಸ್ತೆಯ ಹಳ್ಳ. ಇನ್ನೊಂದು, ಅಲ್ಲಾಡಲು ಎಡೆ ಕೊಡುವ ಸಡಿಲ: ಸವೆದ ಕಿಂಗ್ ಪಿನ್, ಟೈ ರಾಡ್ ಎಂಡ್, ಹಬ್ ಬೇರಿಂಗ್. ತಮ್ಮ ಟೈರ್ ಬದಲಿಸಿ ಮೊದಲನೆಯದನ್ನು ಕಡಿಮೆ ಮಾಡಿದ್ದ. ಎರಡನೆಯದು ಹಾಗೆಯೇ ಉಳಿದಿತ್ತು. ಎಚ್ಚರಿಸುತ್ತಿದ್ದ ಬಾಯಿಯನ್ನು ಮಾತ್ರ ಮುಚ್ಚಿಸಿದ್ದ.

ಚಾಚಾ ಕೇಳಿದ ಮೊದಲ ಪ್ರಶ್ನೆ, "ಯಾವಾಗ ನಡುಗುತ್ತೆ?" ಇದು ವೈದ್ಯರು "ನೋವು ಊಟದ ಮುಂಚೆಯೋ, ನಂತರವೋ" ಎಂದು ಕೇಳಿದಂತೆ. ಒಂದು ನಿರ್ದಿಷ್ಟ ವೇಗದಲ್ಲಿ ಶುರುವಾಗಿ, ಅದನ್ನು ದಾಟಿದರೆ ಕಡಿಮೆಯಾಗುವುದಾದರೆ ಮೊದಲು ಟೈರು, ರಿಮ್ಮುಗಳ ಬ್ಯಾಲೆನ್ಸ್ ನೋಡಬೇಕು. ರಿಮ್ಮಿನೊಳಗೆ ಒಣಗಿದ ಕೆಸರೂ ಕಾರಣವಾಗಬಹುದು. ನಿಧಾನ ಹೋಗುವಾಗಲೂ ಮುಂಭಾಗ ಎಡಕ್ಕೆ ಬಲಕ್ಕೆ ತೊನೆದರೆ ಟೈರಿನ ಪದರ ಬಿಟ್ಟಿರಬಹುದು, ರಿಮ್ ಬಾಗಿರಬಹುದು. ಬ್ರೇಕ್ ತುಳಿದಾಗ ಮಾತ್ರವಾದರೆ ಬ್ರೇಕ್ ಡ್ರಮ್ ಗುಂಡಗಿಲ್ಲ ಎಂಬ ಅನುಮಾನ. ಹಳ್ಳಕ್ಕೆ ಬಿದ್ದ ಮೇಲೆ ಶುರುವಾಗಿ, ವೇಗ ಇಳಿಸುವವರೆಗೂ ನಿಲ್ಲದಿದ್ದರೆ ಕಿಂಗ್ ಪಿನ್, ಟೈ ರಾಡ್‌ಗಳ ಸವೆತವನ್ನು ನೋಡಲೇಬೇಕು. ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಮತ್ತೆ ಮತ್ತೆ ತಿದ್ದಬೇಕಾಗಿ ಬಂದರೆ ಅದೂ ಸಡಿಲದ ಗುರುತೇ.

ಎರಡನೆಯದಾಗಿ ಅವರು ಟೈರಿನ ಮೇಲೆ ಅಂಗೈ ಆಡಿಸಿದರು. ತಂತಿ ಎದ್ದಿದೆಯೇ ಎಂದು ಮೊದಲು ಕಣ್ಣಿನಿಂದ ನೋಡಿ, ಆಮೇಲೆ. ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಚಕ್ರಗಳು ಒಂದಕ್ಕೊಂದು ನೇರವಾಗಿಲ್ಲ. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ ಬ್ಯಾಲೆನ್ಸ್ ತಪ್ಪಿದೆ, ಇಲ್ಲವೇ ಯಾವುದೋ ಕೀಲು ಸಡಿಲವಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಸವೆದಿದ್ದರೆ ಗಾಳಿ ಹೆಚ್ಚು. ವೀಲ್ ನಟ್ಟಿನಿಂದ ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ಟು ಸಡಿಲವಿರಬಹುದು. ಇಷ್ಟನ್ನು ನಾವೂ ಅಂಗಳದಲ್ಲಿ ನಿಂತು ನೋಡಬಹುದಲ್ಲವೇ?

ಮೂರನೆಯ ಪರೀಕ್ಷೆಗೆ ಇಬ್ಬರು ಬೇಕು. ಕ್ಲೀನರ್ ಹುಡುಗ ಅಂದು ಊರಿಗೆ ಹೋಗಿದ್ದ. ಚಾಚಾ ತಮ್ಮನ ಹೆಂಡತಿಯನ್ನು ಕರೆದು, "ಬಾ ಬೇಟಿ, ಕ್ಯಾಬಿನ್ನಿನಲ್ಲಿ ಕೂತ್ಕೋ" ಎಂದರು. ಅವಳು ಮೊದಲ ಬಾರಿಗೆ ಡ್ರೈವರ್ ಸೀಟಿನಲ್ಲಿ ಕುಳಿತಳು. ಚಕ್ರಗಳು ನೆಲದ ಮೇಲೆ, ನೇರಕ್ಕೆ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟದ್ದಾಯಿತು. ಪವರ್ ಸ್ಟೇರಿಂಗ್ ಆದ್ದರಿಂದ ಇಂಜಿನ್ ಚಾಲೂ ಇಟ್ಟರು. ಪೆಡಲ್, ಗೇರ್ ಯಾವುದನ್ನೂ ಮುಟ್ಟದೆ ಸ್ಟೇರಿಂಗನ್ನು ಮಾತ್ರ ನಿಧಾನವಾಗಿ ಅತ್ತಿತ್ತ ಆಡಿಸಲು ಅವಳಿಗೆ ಹೇಳಿದರು. ತಾವು ಲಾರಿಯ ಕೆಳಗೆ ನುಸುಳದೆ, ಪಕ್ಕದಿಂದ ಟಾರ್ಚ್ ಹಿಡಿದು ಒಂದೊಂದೇ ಕೀಲನ್ನು ನೋಡಿದರು. ಆರೋಗ್ಯವಾದ ಕೀಲಿನಲ್ಲಿ ಒಂದು ತುದಿ ಚಲಿಸಿದ ಕ್ಷಣವೇ ಇನ್ನೊಂದು ತುದಿಯೂ ಚಲಿಸುತ್ತದೆ. ಸವೆದ ಕೀಲಿನಲ್ಲಿ ಒಂದು ತುದಿ ಅಲ್ಲಾಡಿ, ಒಂದು ಗಳಿಗೆ ತಡೆದು, "ಟಕ್" ಎಂದ ಮೇಲೆ ಇನ್ನೊಂದು ಅಲ್ಲಾಡುತ್ತದೆ. ಮೆಕ್ಯಾನಿಕರು ಇದನ್ನೇ "ಪ್ಲೇ" ಎನ್ನುವುದು.

"ಬೇಟಿ, ಚಕ್ರ ತಿರುಗೋಕೆ ಮುಂಚೆ ಸ್ಟೇರಿಂಗ್ ಎಷ್ಟು ಖಾಲಿ ಓಡುತ್ತೆ ನೋಡು" ಎಂದರು. ಅವಳು ಚಾಕ್‌ಪೀಸಿನಿಂದ ಗುರುತು ಹಾಕಿ ಹೇಳಿದಳು: ಗಡಿಯಾರದ ಹನ್ನೆರಡರಿಂದ ಒಂದನ್ನೂ ದಾಟುತ್ತಿತ್ತು. ಗಡಿಯಾರದಲ್ಲಿ ಒಂದು ಅಂಕಿಯಿಂದ ಮುಂದಿನ ಅಂಕಿಗೆ 30 ಡಿಗ್ರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಹೇಳುವುದೂ ಇದನ್ನೇ: ಸ್ಟೇರಿಂಗ್‌ನ ಖಾಲಿ ಓಟ 30 ಡಿಗ್ರಿಯನ್ನು ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. 30 ಎಂಬುದು ಕೊನೆಯ ಗಡಿ, ಅಲ್ಲಿಯವರೆಗೆ ಕಾಯಬೇಕೆಂದಲ್ಲ. ನಮ್ಮ ಲಾರಿಯ ಒಂದು ಟೈ ರಾಡ್ ಎಂಡಿನ ರಬ್ಬರ್ ಟೋಪಿ ಹರಿದು, ಒಳಗೆ ಗ್ರೀಸಿನ ಬದಲು ಮಣ್ಣು ತುಂಬಿತ್ತು.

ಕೊನೆಗೆ ಇಂಜಿನ್ ನಿಲ್ಲಿಸಿ, ಗಟ್ಟಿ ನೆಲದಲ್ಲಿ ಜಾಕ್ ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು ಮುಂದಿನ ಚಕ್ರ ಎತ್ತಿದರು. ಬರಿಯ ಜಾಕನ್ನು ನಂಬಿ ಯಾರೂ ಕೆಳಗೆ ಹೋಗಬಾರದು, ಮಕ್ಕಳು ಹತ್ತಿರವೂ ಸುಳಿಯಬಾರದು ಎಂದು ಗದರಿದರು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿತು. ಈಗ ಅವಳಿಗೆ ಬ್ರೇಕ್ ತುಳಿಯಲು ಹೇಳಿದರು. ಇದೊಂದು ಸೊಗಸಾದ ಉಪಾಯ. ಬ್ರೇಕ್ ಹಿಡಿದಾಗ ಆಟ ನಿಂತರೆ ದೋಷ ಹಬ್ ಬೇರಿಂಗಿನದು, ಬ್ರೇಕ್ ಹಿಡಿದರೂ ಆಡುತ್ತಿದ್ದರೆ ಕಿಂಗ್ ಪಿನ್ನಿನದು. ನಮ್ಮದರಲ್ಲಿ ಆಟ ನಿಲ್ಲಲಿಲ್ಲ. ಕಿಂಗ್ ಪಿನ್ನಿನ ಬುಷ್ ಸವೆದಿತ್ತು.

ಈ ಭಾಗಗಳು ಮಾಡುವ ಕೆಲಸ ತಿಳಿದರೆ ಅಪಾಯವೂ ತಿಳಿಯುತ್ತದೆ. ಕಿಂಗ್ ಪಿನ್ ಎಂದರೆ ಬಾಗಿಲಿನ ತಿರುಗಣೆಯಂತೆ, ಚಕ್ರ ಎಡಬಲಕ್ಕೆ ತಿರುಗುವುದು ಅದರ ಮೇಲೆ. ಟೈ ರಾಡ್ ಎಂದರೆ ಜೋಡೆತ್ತಿನ ನೊಗದಂತೆ, ಎರಡೂ ಮುಂದಿನ ಚಕ್ರಗಳನ್ನು ಒಟ್ಟಿಗೆ ತಿರುಗಿಸುವುದು ಅದು. ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಆಜ್ಞೆ ಒಯ್ಯುವುದು ಡ್ರ್ಯಾಗ್ ಲಿಂಕ್. ಟೈ ರಾಡ್ ಕಳಚಿದರೆ ಒಂದು ಚಕ್ರ ತನ್ನಿಷ್ಟದ ದಾರಿ ಹಿಡಿಯುತ್ತದೆ. ಡ್ರ್ಯಾಗ್ ಲಿಂಕ್ ಕಳಚಿದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಲಾರಿ ಕೇಳುವುದಿಲ್ಲ. ಲೋಡು ತುಂಬಿಕೊಂಡು ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ ಹಾಗಾದರೆ? ಆ ಮಾತನ್ನು ಚಾಚಾ ಪೂರ್ತಿ ಮಾಡಲಿಲ್ಲ.

ಇನ್ನು ಮನೆಯೊಳಗಿನ ಕಥೆ. ಮರುದಿನಕ್ಕೆ ಶ್ರೀನಿವಾಸಪುರದ ಮಂಡಿಯಿಂದ ಚಿತ್ತೂರಿಗೆ ಲೋಡು ಒಪ್ಪಿಯಾಗಿತ್ತು. "ಇದೊಂದು ಟ್ರಿಪ್ ಮುಗಿಸಿ ಬಂದು ಬಿಚ್ಚಿಸ್ತೀನಿ, ನಿಧಾನ ಓಡಿಸ್ತೀನಿ" ಎಂದ ತಮ್ಮ. ಕಂತಿನ ದಿನ ಹತ್ತಿರವಿತ್ತು. ಪ್ರತಿ ತಿಂಗಳೂ ಆ ದಿನವನ್ನು ಅವನಿಗೆ ನೆನಪಿಸುತ್ತಿದ್ದವಳು ಹೆಂಡತಿಯೇ. ಅಂದು ಅವಳು ಲಾರಿಯಿಂದಿಳಿದು ಬಂದು, "ನಾನು ಕಣ್ಣಾರೆ ನೋಡಿದ ಮೇಲೆ ಕಳಿಸೋದಿಲ್ಲ. ಕಂತು ತಡವಾದ್ರೆ ದಂಡ ಕಟ್ಟೋಣ" ಎಂದಳು. ತನ್ನ ಚೀಟಿಯ ಹಣ ತಂದು ಮುಂದಿಟ್ಟಳು. ತಮ್ಮ ಎರಡು ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಆ ಲೋಡು ಬೇರೆ ಲಾರಿಗೆ ಹೋಯಿತು, ಮಂಡಿಯವರು ಆ ವಾರವೆಲ್ಲ ಇವನನ್ನು ಕರೆಯಲಿಲ್ಲ. ನಷ್ಟ ಆದದ್ದು ನಿಜ.

ರಿಪೇರಿಯಲ್ಲೂ ಒಂದು ಕ್ರಮವಿದೆ ಎಂದು ಚಾಚಾ ಕಲಿಸಿದರು. ಮೊದಲು ಟೈರು, ರಿಮ್ಮು, ನಟ್ಟುಗಳು. ಆಮೇಲೆ ಬೇರಿಂಗ್, ಕಿಂಗ್ ಪಿನ್, ಟೈ ರಾಡ್, ಕಮಾನು ಪಟ್ಟಿಗಳ ಯು-ಬೋಲ್ಟ್. ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ. ಸಡಿಲ ಕೀಲುಗಳ ಮೇಲೆ ಅಲೈನ್‌ಮೆಂಟ್ ಮಾಡಿಸುವುದು ಅಲ್ಲಾಡುವ ಗೋಡೆಗೆ ಸುಣ್ಣ ಬಳಿದಂತೆ. ಸವೆದ ಜಾಯಿಂಟಿಗೆ ತಗಡಿನ ಪ್ಯಾಕಿಂಗ್ ತುರುಕುವುದು, ಬಾಗಿದ ರಾಡನ್ನು ಕಾಯಿಸಿ ನೇರ ಮಾಡುವುದು, ಬೆಸುಗೆ ಹಾಕುವುದು ಬೇಡವೇ ಬೇಡ. ಸ್ಟೇರಿಂಗಿನ ಭಾಗ ಕೆಟ್ಟರೆ ಹೊಸದೇ ಆಗಬೇಕು, ಹೊಸ ಸ್ಪ್ಲಿಟ್ ಪಿನ್ನಿನೊಂದಿಗೆ. ತಮ್ಮ ಕಿಂಗ್ ಪಿನ್ ಸೆಟ್ಟನ್ನು ಎರಡೂ ಕಡೆಗೆ ಹಾಕಿಸಿದ. ಇಷ್ಟು ಬೇಗ ಸವೆಯಲು ಕಾರಣ ಗ್ರೀಸ್ ಹೊಡೆಸದಿದ್ದದ್ದು. ಚಕ್ರ ಎತ್ತಿ, ಭಾರ ಇಳಿಸಿ ಗ್ರೀಸ್ ಹೊಡೆದರೆ ಅದು ಎಲ್ಲ ಕಡೆಗೂ ಇಳಿಯುತ್ತದೆ. ಹಳೆಯ ಕೊಳೆ ಹೊರಬಂದು ಹೊಸ ಗ್ರೀಸ್ ಕಾಣುವವರೆಗೂ ಹೊಡೆಯಬೇಕು. ಓವರ್‌ಲೋಡು ಈ ಸವೆತವನ್ನು ಇನ್ನಷ್ಟು ಬೇಗ ತರುತ್ತದೆ.

"ಎಫ್.ಸಿ. ಆಗಿದೆಯಲ್ಲ" ಎಂದು ಕೆಲವರು ನಿಶ್ಚಿಂತೆಯಿಂದಿರುತ್ತಾರೆ. 2018ರ ತಿದ್ದುಪಡಿಯ ನಂತರ ಎಂಟು ವರ್ಷದವರೆಗಿನ ಸಾರಿಗೆ ವಾಹನಗಳಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ವರ್ಷಕ್ಕೊಮ್ಮೆ ಎಫ್.ಸಿ. ಆ ನಡುವೆ ನಮ್ಮ ರಸ್ತೆಗಳಲ್ಲಿ ಎಷ್ಟು ಹಳ್ಳ, ಎಷ್ಟು ಲೋಡು! ಕಾಗದ ಹೇಳುವುದು ಪರೀಕ್ಷೆಯ ದಿನದ ಸ್ಥಿತಿಯನ್ನು ಮಾತ್ರ.

ನಾವು ಮೆಕ್ಯಾನಿಕ್ ಆಗಬೇಕಿಲ್ಲ ಸಹೋದರಿಯರೇ. ಆದರೆ ದಣಿದು ಬಂದ ಗಂಡನನ್ನೋ ಮಗನನ್ನೋ "ಬಾಡಿಗೆ ಎಷ್ಟು ಬಂತು?" ಎಂದು ಕೇಳುವ ಮೊದಲು "ಸ್ಟೇರಿಂಗ್ ಹೇಗಿದೆ?" ಎಂದು ಕೇಳಬಹುದು. ಹತ್ತು ನಿಮಿಷ ಕ್ಯಾಬಿನ್ನಿನಲ್ಲಿ ಕುಳಿತು ಕೈ ಜೋಡಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಲಾರಿ ಒಂದೆರಡು ದಿನ ನಿಲ್ಲಬೇಕಾಗಿ ಬಂದಾಗ ಮನೆಯಲ್ಲಿ ಮುಖ ಗಂಟಿಕ್ಕದೆ ಇರಬಹುದು. ಕೆಟ್ಟ ಲಾರಿಯನ್ನು ರಸ್ತೆಗಿಳಿಸುವುದು ಎಷ್ಟೋ ಸಲ ಮನೆಯ ಒತ್ತಡವೇ.

ಮುಂದಿನ ವಾರ ಹೋದಾಗ ತಮ್ಮ ಜಗಲಿಯಲ್ಲಿ ಟೀ ಕುಡಿಯುತ್ತಿದ್ದ. ನಾನು ಲೋಟವನ್ನೇ ನೋಡುತ್ತಿರುವುದು ಅವನಿಗೆ ತಿಳಿಯಿತು. "ನೋಡಿ ಆಪಾ, ನಡುಗ್ತಿಲ್ಲ" ಎಂದ. ಒಳಗಿನಿಂದ ಅವಳ ದನಿ ಬಂತು: "ನಡುಗದಿದ್ರೆ ಸಾಲದು. ಈ ಶುಕ್ರವಾರ ಗ್ರೀಸ್ ಹೊಡೆಸಬೇಕು, ನೆನಪಿದೆಯಲ್ಲ?"