ಬೆಳಕಿನ ಪುಡಿ ಯಾರ ಬಾಗಿಲಲ್ಲಿರಬೇಕು?



ಕೆಟ್ಟ ನೀರನ್ನು ಬಿಸಿಲಿನ ಬಲದಿಂದಲೇ ಶುದ್ಧಮಾಡುವ ಹೊಸ ಪುಡಿಗಳ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿದೆ. ವಿಜ್ಞಾನಿಗಳು ಇವನ್ನು 'ಕೋ-ಡೋಪ್ಡ್ ನ್ಯಾನೋ' ವಸ್ತುಗಳೆಂದು ಕರೆಯುತ್ತಾರೆ. ಹೆಸರು ಬಾಯಿಗೆ ಹಿಡಿಸದಿದ್ದರೂ ವಿಷಯ ಕಷ್ಟದ್ದಲ್ಲ. ಆಂಡಿಪಟ್ಟಿಯ ಸುತ್ತಮುತ್ತ ಬಾವಿಯನ್ನೇ ನಂಬಿ ಬದುಕುವ ನಾವು ಇದನ್ನು ತಿಳಿದಿರುವುದು ಒಳ್ಳೆಯದು. ನಾಳೆ ಇದೇ ಹೆಸರು ಹೇಳಿಕೊಂಡು ಒಂದು ಯಂತ್ರವನ್ನು ಮಾರಲು ಯಾರಾದರೂ ಬಂದರೂ ಬರಬಹುದು.

ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ ಇರುತ್ತದೆ. ಈ ವಸ್ತುವಿನ ಮೇಲೆ ಬೆಳಕು ಬಿದ್ದಾಗ ನೀರೇ ಒಡೆಯುತ್ತದೆಂದು 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ನೀರಿನಲ್ಲಿ ಬೆರೆತ ಬಣ್ಣ, ಕೀಟನಾಶಕ ಮೊದಲಾದವುಗಳನ್ನೂ ಅದು ಒಡೆಯಬಲ್ಲದೆಂಬುದು ಮುಂದೆ ತಿಳಿದುಬಂತು. ಆದರೆ ಅದಕ್ಕೆ ಬೇಕಾದದ್ದು ನೇರಳಾತೀತ ಕಿರಣ. ಬಿಸಿಲಿನಲ್ಲಿ ಅದು ಇರುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಹಾಲಿಗೆ ಹೆಪ್ಪು ಹಾಕುವಂತೆ ಪುಡಿಗೆ ಚೂರು ಸಾರಜನಕ ಸೇರಿಸಿದರೆ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸಮಾಡುತ್ತದೆಂದು 2001ರಲ್ಲಿ ಜಪಾನಿನವರೇ ತೋರಿಸಿದರು. ಇಲ್ಲಿಯೂ ಒಂದು ತೊಡಕು. ಒಂದೇ ಬೆರಕೆಯಿಂದ ಪುಡಿಯೊಳಗೆ ಕುಂದುಗಳು ಹುಟ್ಟಿ, ಬೆಳಕಿನಿಂದ ದೊರೆತ ಶಕ್ತಿ ಅಲ್ಲೇ ವ್ಯರ್ಥವಾಗುವುದುಂಟು. ಅದನ್ನು ಸರಿದೂಗಿಸಲು ಗಂಧಕವನ್ನೋ ಫ್ಲೋರಿನ್ನನ್ನೋ ಯಾವುದಾದರೂ ಲೋಹವನ್ನೋ ಎರಡನೆಯದಾಗಿ ಬೆರೆಸುತ್ತಾರೆ. ಈ ಜೋಡಿ ಬೆರಕೆಗೇ ಆ ಉದ್ದದ ಹೆಸರು.

ಇನ್ನು ನಮ್ಮ ಕಡೆಯ ನೀರಿನ ವಿಷಯಕ್ಕೆ ಬರೋಣ. ನೆರೆಯ ದಿಂಡಿಗಲ್ಲಿನ ಚರ್ಮ ಹದಮಾಡುವ ಕಾರ್ಖಾನೆಗಳ ಕಥೆ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ದಿಂಡಿಗಲ್ ಮತ್ತು ರೆಡ್ಡಿಯಾರ್ ಛತ್ರಂ ಒಕ್ಕೂಟಗಳ 13 ಹಳ್ಳಿಗಳಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಸಮೀಕ್ಷೆ ಮಾಡಿದಾಗ, ಕುಡಿಯಲೂ ಬೇಸಾಯಕ್ಕೂ ಬಳಸುತ್ತಿದ್ದ 467 ಬಾವಿಗಳಲ್ಲಿ 350 ಕೆಟ್ಟುಹೋಗಿದ್ದವು. ಹೆಂಗಸರೂ ಮಕ್ಕಳೂ ಕುಡಿಯುವ ನೀರಿಗಾಗಿ ಮೈಲಿಗಟ್ಟಲೆ ನಡೆಯಬೇಕಾಗಿತ್ತು. ಈ ಲೆಕ್ಕ ಸುಪ್ರೀಂ ಕೋರ್ಟು 1996ರ ಆಗಸ್ಟ್ 28ರಂದು ವೆಲ್ಲೂರಿನ ನಾಗರಿಕರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಲ್ಲಿಯೇ ದಾಖಲಾಗಿದೆ. ಒಂದು ಕಿಲೋ ಚರ್ಮ ಸಿದ್ಧವಾಗಲು ಸುಮಾರು 35 ಲೀಟರ್ ನೀರು ಬೇಕೆಂದೂ ಅದರಲ್ಲಿ ಹೇಳಿದೆ.

ಹಾಗಾದರೆ ಅಂಥ ಬಾವಿಗೆ ಈ ಪುಡಿ ಹಾಕಿದರೆ ಆಯಿತಲ್ಲವೇ? ಆಗುವುದಿಲ್ಲ. ಹಸಿ ಚರ್ಮಕ್ಕೆ ಸವರಿದ ಉಪ್ಪೇ ಬಾವಿಯನ್ನು ಸವಳು ಮಾಡುವುದು. ಉಪ್ಪನ್ನು ಬೆಳಕು ಒಡೆಯದು. ಕ್ರೋಮಿಯಂ ಲೋಹವೂ ನಾಶವಾಗುವುದಿಲ್ಲ. ಅದರ ಹೆಚ್ಚು ವಿಷದ ರೂಪವನ್ನು ಕಡಿಮೆ ವಿಷದ ರೂಪಕ್ಕೆ ತಿರುಗಿಸಬಹುದು, ಅಷ್ಟೆ. ಆಮೇಲೂ ಅದನ್ನು ಬೇರ್ಪಡಿಸಿ ತೆಗೆಯಲೇಬೇಕು. ಫ್ಲೋರೈಡ್ ಇದ್ದರೂ ಇದೇ ಮಾತು. (ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ ಎಂಬುದನ್ನು ತಾಯಂದಿರು ಗಮನಿಸಬೇಕು.) ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಶುದ್ಧ ನೀರಿಗೆ ಒಂದೇ ಬಣ್ಣ ಬೆರೆಸಿ ಪರೀಕ್ಷಿಸುತ್ತಾರೆ. ನಮ್ಮ ನೀರಿನಲ್ಲಾದರೋ ಮಣ್ಣು, ಸುಣ್ಣ, ಉಪ್ಪು ಎಲ್ಲವೂ ಉಂಟು. ಕದಡಿದ ನೀರಿನೊಳಗೆ ಬೆಳಕೇ ಇಳಿಯದು. ಹಾಕಿದ ಪುಡಿಯನ್ನು ಮತ್ತೆ ಹೊರತೆಗೆಯುವ ಕೆಲಸ ಬೇರೆ.

ವಿಜ್ಞಾನವನ್ನು ನಾವು ಹಳಿಯುತ್ತಿಲ್ಲ. ಐ.ಐ.ಟಿ. ಮದ್ರಾಸಿನ ಪ್ರೊ. ಟಿ. ಪ್ರದೀಪ್ ಅವರ ತಂಡ ಬೇರೆ ಬಗೆಯ ನ್ಯಾನೋ ವಸ್ತುಗಳಿಂದ ಕೀಟನಾಶಕಕ್ಕೆ ಒಂದು ಸೋಸುಕವನ್ನೂ ಆರ್ಸೆನಿಕ್‌ಗೆ ಮತ್ತೊಂದನ್ನೂ ರೂಪಿಸಿ ಜನರ ಬಳಕೆಗೆ ತಂದಿದೆ. ಒಂದೊಂದು ವಿಷಕ್ಕೆ ಒಂದೊಂದು ಮದ್ದು ಎಂಬುದನ್ನು ಇಲ್ಲಿ ಗಮನಿಸಿ. ಎಲ್ಲವನ್ನೂ ತೆಗೆಯುತ್ತದೆಂದು ಹೇಳುವವನನ್ನು ನಂಬಬೇಡಿ.

ನಮ್ಮ ಅಭಿಪ್ರಾಯ ಇಷ್ಟು: ಬೆಳಕಿನ ಪುಡಿಗೆ ತಕ್ಕ ಜಾಗ ಕಾರ್ಖಾನೆಯ ಮೋರಿಯ ಬಾಯಿ, ರೈತನ ಮನೆಯ ಕೊಡವಲ್ಲ. ನೂಲಿಗೆ ಬಣ್ಣ ಹಾಕುವ ಕಡೆಗಳಲ್ಲಿ, ನೀರು ಹೊರಬೀಳುವ ಮುನ್ನವೇ ಬಣ್ಣವನ್ನು ಒಡೆಯಲು ಅದು ನೆರವಾದೀತು. ಅಲ್ಲಿ ಕೊಳೆ ಯಾವುದೆಂದು ಗೊತ್ತಿರುತ್ತದೆ, ತೊಟ್ಟಿ ಕಟ್ಟಬಹುದು, ಪುಡಿಯನ್ನು ಹಿಡಿದಿಡಬಹುದು. ಖರ್ಚೂ ಅವರದೇ. ಕೆಡಿಸಿದವನೇ ತೆರಬೇಕು ಎಂಬುದನ್ನು ಕೋರ್ಟು 1996ರಲ್ಲಿಯೇ ದೇಶದ ಕಾನೂನೆಂದು ಸಾರಿದೆ. ದಿಂಡಿಗಲ್ ಸೇರಿದಂತೆ ಐದು ಜಿಲ್ಲೆಗಳ ಚರ್ಮದ ಕಾರ್ಖಾನೆಗಳಿಗೆ ತಲಾ 10,000 ರೂಪಾಯಿ ದಂಡವನ್ನೂ ಹಾಕಿತು. 'ಹರಿಯಲಿ ಬಿಡಿ, ಆಮೇಲೆ ಯಂತ್ರದಿಂದ ಶುದ್ಧಮಾಡಿದರಾಯಿತು' ಎನ್ನುವವರಿಗೆ ನಮ್ಮ ಉತ್ತರ ಈ ತೀರ್ಪೇ.

ಹಾಗೆಂದು ನಮ್ಮ ಬಾಗಿಲೂ ಸ್ವಚ್ಛವಾಗಿರಬೇಕಲ್ಲವೇ? ಔಷಧಿ ಹೊಡೆದ ಟ್ಯಾಂಕನ್ನು ಬಾವಿಕಟ್ಟೆಯ ಮೇಲೆ ತೊಳೆಯುವವರು ನಮ್ಮಲ್ಲೂ ಇದ್ದಾರೆ. ದ್ರಾಕ್ಷಿ ತೋಟದವರಿಗೆ ಈ ಮಾತನ್ನು ಎರಡು ಸಲ ಹೇಳಬೇಕು.

ಸದ್ಯಕ್ಕೆ ಆಗಬೇಕಾದದ್ದು ಪರೀಕ್ಷೆ. ತಮಿಳುನಾಡು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೆ, ಅಂದರೆ ಟ್ವಾಡ್‌ಗೆ, ಜಿಲ್ಲೆಗಳಲ್ಲಿ ಪ್ರಯೋಗಶಾಲೆಗಳಿವೆ. ನೀರಿನ ಸೀಸೆ ಕೊಟ್ಟು, ಕರಗಿದ ಲವಣ ಮತ್ತು ಫ್ಲೋರೈಡ್ ಎಷ್ಟಿದೆಯೆಂದು ಕೇಳಿ. ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಫ್ಲೋರೈಡ್ 1.5 ಮಿಲಿಗ್ರಾಂ ದಾಟಲೇಬಾರದು. ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಮಾಡಿಸಿ. ವರದಿಯನ್ನು ಜಮೀನಿನ ಪತ್ರಗಳ ಜೊತೆಯಲ್ಲಿಯೇ ಇಡಿ. ಮುಂದೊಂದು ದಿನ ಪರಿಹಾರ ಕೇಳಬೇಕಾಗಿ ಬಂದರೆ, ಬಾವಿ ಮೊದಲು ಹೇಗಿತ್ತೆಂದು ತೋರಿಸಲು ಆ ಕಾಗದ ಬೇಕಾಗುತ್ತದೆ.