ಹಕ್ಕಿ ಬಾರದ ದಿನದ ಲೆಕ್ಕ

ಜರ್ಮನಿಯ ಕರಾವಳಿಯಾಚೆ, ಉತ್ತರ ಸಮುದ್ರದಲ್ಲಿ ಹೆಲಿಗೋಲ್ಯಾಂಡ್ ಎಂಬ ಕೆಂಬಂಡೆಯ ದ್ವೀಪವಿದೆ. ಮುಖ್ಯ ದ್ವೀಪದ ವಿಸ್ತಾರ ಸುಮಾರು 1 ಚದರ ಕಿ.ಮೀ. ಅಷ್ಟೆ. ಆದರೂ ಹಕ್ಕಿಗಳ ವಲಸೆಯ ಅಧ್ಯಯನದಲ್ಲಿ ಅದರ ಹೆಸರು ದೊಡ್ಡದು. ರಾತ್ರಿಯಿಡೀ ಕಡಲ ಮೇಲೆ ಹಾರಿ ದಣಿದ ಸಣ್ಣ ಹಕ್ಕಿಗಳಿಗೆ ಸುತ್ತಮುತ್ತ ಬೇರೆ ನೆಲವಿಲ್ಲ. ಒಳನಾಡಿನಲ್ಲಾದರೆ ಎಲ್ಲೆಲ್ಲೋ ಚದುರಿಹೋಗುವ ಹಿಂಡು ಇಲ್ಲಿ ಕೆಲವೇ ಪೊದೆಗಳಿಗೆ ಇಳಿಯುತ್ತದೆ, ಎಣಿಕೆಗೆ ಸಿಗುತ್ತದೆ.

1837ರಲ್ಲಿ ಇಲ್ಲಿಗೆ ಬಂದ ಚಿತ್ರಕಾರ ಹೈನ್ರಿಶ್ ಗೆಟ್ಕೆ ಇಲ್ಲೇ ನೆಲೆಸಿ, ದಶಕಗಳ ಕಾಲ ಹಕ್ಕಿಗಳನ್ನು ಗಮನಿಸಿದರು. 1891ರಲ್ಲಿ ಅವರ ಗ್ರಂಥ ಹೊರಬಂತು. 1910ರಲ್ಲಿ ಪಕ್ಷಿ ವೀಕ್ಷಣಾಲಯವೇ ಆರಂಭವಾಯಿತು. ಅಲ್ಲಿನ ಬೋನು ದೊಡ್ಡ ಆಲಿಕೆಯ ಹಾಗೆ: ಪೊದೆಗಳ ಮೇಲೆ ಅಗಲ ಬಾಯಿಯ ತಂತಿಬಲೆ, ಕಿರಿದಾದ ತುದಿಯಲ್ಲೊಂದು ಪೆಟ್ಟಿಗೆ. ಮೆಲ್ಲಗೆ ಅಟ್ಟಿದರೆ ಹಕ್ಕಿ ಪೆಟ್ಟಿಗೆ ಸೇರುತ್ತದೆ. ಕಾಲಿಗೆ ಸಂಖ್ಯೆಯಿರುವ ಹಗುರವಾದ ಉಂಗುರ ತೊಡಿಸಿ, ರೆಕ್ಕೆ ಅಳೆದು, ತೂಕ ನೋಡುತ್ತಾರೆ. ಎದೆಯ ಮೇಲೆ ಉಫ್ ಎಂದು ಊದಿದರೆ ಗರಿ ಸರಿದು, ತೆಳು ಚರ್ಮದಡಿಯ ಹಳದಿ ಕೊಬ್ಬು ಕಾಣುತ್ತದೆ. ಮುಂದಿನ ಹಾರಾಟಕ್ಕೆ ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು ಅದು ಹೇಳುತ್ತದೆ. ಬಳಿಕ ಹಕ್ಕಿಯನ್ನು ಹಾರಲು ಬಿಡುತ್ತಾರೆ. ಬರ್ಲಿನ್‌ನಲ್ಲಿ ಅಧ್ಯಯನಕ್ಕಿದ್ದಾಗ ನಮ್ಮ ಪಕ್ಷಿತಜ್ಞ ಸಲೀಂ ಅಲಿಯವರಿಗೂ ಉಂಗುರ ತೊಡಿಸುವ ಅನುಭವ ದೊರೆತದ್ದು ಈ ದ್ವೀಪದಲ್ಲೇ.

ಎರಡನೆಯ ಮಹಾಯುದ್ಧದ ಬಳಿಕ, 1947ರಲ್ಲಿ, ದ್ವೀಪದ ಸೇನಾ ನೆಲೆಗಳನ್ನು ಬ್ರಿಟಿಷರು ಸ್ಫೋಟಿಸಿದರು. ನಿಂತುಹೋಗಿದ್ದ ಹಕ್ಕಿಗಳ ಲೆಕ್ಕ ಮುಂದೆ ಮತ್ತೆ ಮೊದಲಾಯಿತು. 1960ರಿಂದ ಅದೇ ಜಾಗ, ಅದೇ ಕ್ರಮ. ವಸಂತದಲ್ಲಿ ಹಲವು ಹಾಡುಹಕ್ಕಿಗಳು ಹಿಂದಿಗಿಂತ ಬೇಗ ದ್ವೀಪ ದಾಟುತ್ತಿವೆ ಎಂಬುದು ಈ ದಾಖಲೆಯಿಂದಲೇ ಗೊತ್ತಾಯಿತು. ಹವಾಮಾನ ಬದಲಾವಣೆಯ ಮಾತು ಜನರ ಬಾಯಿಗೆ ಬರುವ ಎಷ್ಟೋ ಮೊದಲೇ ಅದರ ಸಾಕ್ಷ್ಯ ಸಂಗ್ರಹವಾಗತೊಡಗಿತ್ತು.

ಅಪರೂಪದ ಹಕ್ಕಿಯೊಂದರ ಚಿತ್ರ ತೆಗೆದ ಸಂತೋಷ ದೊಡ್ಡದೇ. ಆದರೆ ಕಾಲದ ಬದಲಾವಣೆಯನ್ನು ಹೇಳುವುದು ಮಾಮೂಲಿ ಹಕ್ಕಿಗಳ ಬೇಸರವಿಲ್ಲದ ಎಣಿಕೆ. ಒಂದೂ ಬಾರದ ದಿನ ಸೊನ್ನೆ ಬರೆಯದಿದ್ದರೆ, ಹಕ್ಕಿ ಬರಲಿಲ್ಲವೋ, ನೋಡುವವರೇ ಇರಲಿಲ್ಲವೋ ಎಂಬುದು ಮುಂದಿನವರಿಗೆ ತಿಳಿಯುವುದಿಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಇಂಥ ಕೆರೆಗಳ ಪಕ್ಕದ ಶಾಲೆಯೊಂದು ವರ್ಷವರ್ಷವೂ ಒಂದೇ ಕ್ರಮದಲ್ಲಿ ಲೆಕ್ಕ ಇಟ್ಟರೆ ಸಾಕು. ಬರೆದ ಮಕ್ಕಳು ಊರು ಬಿಟ್ಟರೂ ಕಿರಿಯರು ಅದನ್ನು ಮುಂದುವರಿಸಬೇಕು. ಇಂದು ಶುರುಮಾಡಿದರೆ ಮಾತ್ರ ಮೊಮ್ಮಕ್ಕಳ ಕಾಲಕ್ಕೆ ಹೋಲಿಸಿ ನೋಡಲು ಏನಾದರೂ ಇರುತ್ತದೆ.