ಗಿರಣಿಯ ಗುಟ್ಟು ಯಾರ ತಲೆಯಲ್ಲಿದೆ?

ಪ್ರವಾಹ ಬಂದಾಗ, ಭೂಮಿ ನಡುಗಿದಾಗ ಮಾಲೀಕರು ಆಡುವ ಮಾತು ಒಂದೇ: "ದೈವೇಚ್ಛೆ, ನಾವೇನು ಮಾಡೋಣ?" ಗಿರಣಿಯ ಬಾಗಿಲಿಗೆ ಬೀಗ, ಕೂಲಿಗೆ ಕತ್ತರಿ, ಅಂಗಡಿಯವನ ಉದ್ದರಿ ಪುಸ್ತಕಕ್ಕೆ ಇನ್ನೊಂದು ಹಾಳೆ! ನೀರು ಬರುವುದು ದೈವೇಚ್ಛೆಯಿರಬಹುದು. ನೀರು ಇಳಿದು ತಿಂಗಳಾದರೂ ಯಂತ್ರ ತಿರುಗದಿರುವುದು ದೈವೇಚ್ಛೆಯಲ್ಲ, ಅಜ್ಞಾನ.

ಜಪಾನಿನ ಸಂಗತಿ ನೋಡಿ. 2011ರ ಮಾರ್ಚ್ 11ರ ಭೂಕಂಪದಲ್ಲಿ ಇಬಾರಾಕಿ ಪ್ರಾಂತದಲ್ಲಿದ್ದ ರೆನೆಸಾಸ್‌ನ ನಾಕಾ ಕಾರ್ಖಾನೆ ನಿಂತಿತು. ಕಾರುಗಳನ್ನು ನಿಯಂತ್ರಿಸುವ ಪುಟ್ಟ ಚಿಪ್ ಅಲ್ಲಿ ತಯಾರಾಗುತ್ತಿತ್ತು. ಇಂಥ ಬಿಡಿಭಾಗಗಳಿಲ್ಲದೆ ಟೊಯೋಟಾದಂಥ ದೈತ್ಯವೇ ಮಂಡಿಯೂರಿತು. ನಮ್ಮ ಬಿಡದಿಯಲ್ಲೂ ಉತ್ಪಾದನೆ ಇಳಿಯಿತು. ಆಗ ಬಯಲಾದ ಗುಟ್ಟೇನು? ತನಗೆ ಮಾಲು ಕೊಡುವವನಿಗೆ ಮಾಲು ಕೊಡುವವನಾರು ಎಂಬುದೇ ಆ ದೊಡ್ಡ ಕಂಪನಿಗೆ ಪೂರ್ತಿ ತಿಳಿದಿರಲಿಲ್ಲ!

ನಾಕಾ ಮತ್ತೆ ಎದ್ದದ್ದು ಹೇಗೆ? ಗಿರಾಕಿ ಕಂಪನಿಗಳಿಂದಲೂ ಬಂದ ಜನ, ದಿನಕ್ಕೆ 2,500ರವರೆಗೆ, ಕೈಜೋಡಿಸಿ ದುಡಿದರು. ಮೊದಲು ಹೇಳಿದ್ದಕ್ಕಿಂತ ಮುಂಚೆಯೇ, ಜೂನ್ 1ರಂದು, ಉತ್ಪಾದನೆ ಮರಳಿತು. ಬಳಿಕ ಟೊಯೋಟಾ ಮಾಲಿನ ಮೂಲವನ್ನು ಬುಡದವರೆಗೆ ಪಟ್ಟಿ ಮಾಡಿತು, ಚಿಪ್‌ಗಳ ದಾಸ್ತಾನು ಇಡಿಸಿತು. 2021ರ ಆರಂಭದಲ್ಲಿ ಜಗತ್ತಿಗೇ ಚಿಪ್ ಬರ ಬಂದಾಗ ಅದು ಇತರರಿಗಿಂತ ಹೆಚ್ಚು ಕಾಲ ತಡೆದುಕೊಂಡಿತು.

ಇದಕ್ಕೆ ಪಂಡಿತರು 'ಜ್ಞಾನ ನಿರ್ವಹಣೆ' ಎಂದು ಹೆಸರಿಟ್ಟಿದ್ದಾರೆ. ಅರ್ಥ ಸರಳ: ಬಲ್ಲವನ ಅರಿವು ಅವನೊಬ್ಬನ ತಲೆಯಲ್ಲೇ ಉಳಿಯದೆ ಎಲ್ಲರಿಗೂ ಸಿಗಬೇಕು. ಆದರೆ ಬಲ್ಲವನಾರು? ಯಾವ ಮೋಟಾರನ್ನು ಮೊದಲು ಮೇಲೆತ್ತಬೇಕು, ನೆನೆದ ಯಂತ್ರವನ್ನು ಒಣಗಿಸದೆ ವಿದ್ಯುತ್ ಕೊಟ್ಟರೆ ಏನಾದೀತು, ಇದನ್ನೆಲ್ಲ ಬಲ್ಲವನು ಇಪ್ಪತ್ತು ವರ್ಷ ಎಣ್ಣೆಮಸಿಯಲ್ಲಿ ದುಡಿದ ಫಿಟ್ಟರ್. ಅವನನ್ನು ಮನೆಗೆ ಕಳಿಸಿ, ಆರಾರು ತಿಂಗಳಿಗೆ ಗುತ್ತಿಗೆಯಾಳನ್ನು ಬದಲಿಸುವ ಮಾಲೀಕ ಲಕ್ಷಗಟ್ಟಲೆ ಸುರಿದು ಕಂಪ್ಯೂಟರ್ ತಂದರೆ ಅದರಲ್ಲಿ ತುಂಬುವುದೇನು? ಬರಿಗಾಳಿ!

ಹೇಳಿಕೊಟ್ಟ ಮರುದಿನವೇ ಕೆಲಸ ಹೋದೀತೆಂದರೆ ಯಾರು ಬಾಯಿ ಬಿಟ್ಟಾರು? ಮಾಲಿನ ಮೂಲ ತಿಳಿಸಿದರೆ ತನ್ನನ್ನು ದಾಟಿ ನೇರವಾಗಿ ಕೊಂಡಾರೆಂದು ಸಣ್ಣ ವ್ಯಾಪಾರಿಯೂ ಅಂಜುತ್ತಾನೆ. ಭಯವಿದ್ದಲ್ಲಿ ಜ್ಞಾನ ಹಂಚಿಕೆಯಾಗದು.

ಬಂಧುಗಳೇ, ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪ್ರತಿ ಗಿರಣಿಯಲ್ಲಿ ಕಾರ್ಮಿಕರೂ ಸೇರಿದ ಆಪತ್ತಿನ ಸಮಿತಿಯಿರಲಿ. ಕಾರ್ಮಿಕ ಬಲ್ಲದ್ದನ್ನು ಕನ್ನಡದಲ್ಲಿ ಬರೆದಿಡಲಿ, ಆ ವೇಳೆಗೂ ಕೂಲಿ ಕೊಡಲಿ. ವರ್ಷಕ್ಕೆರಡು ಸಲ ತಾಲೀಮು ನಡೆಯಲಿ. ಹೇಳಿಕೊಟ್ಟವನ ನೌಕರಿಗೂ ಮಾಲು ಒದಗಿಸುವವನ ವ್ಯವಹಾರಕ್ಕೂ ಭದ್ರತೆಯಿರಲಿ. ಹೊಳೆ ಮಾಲೀಕರ ಅನುಮತಿ ಕೇಳಿ ಉಕ್ಕುವುದಿಲ್ಲ. ಸಂಘದ ಮುಂದಿನ ಸಭೆಯಲ್ಲೇ ಈ ಮಾತನ್ನು ಎತ್ತಿರಿ!